ಎಂಟು ಪಾಲಿನ ಆಕಾಶದಲ್ಲಿ ಒಂಬತ್ತು

ಮೋಡಣ್ಣನಿಗೂ ಹೆತ್ತವರಿಟ್ಟ ಹೆಸರೊಂದಿತ್ತು. ಆ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಒಮ್ಮೆ, ಮದುವೆಯ ಕರೆಯೋಲೆಯಲ್ಲಿ ಒಮ್ಮೆ ಕಾಣಿಸಿಕೊಂಡು, ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗಿತ್ತು. ಬೀದಿಯವರಿಗೂ ಕಚೇರಿಯವರಿಗೂ ಅವನು ಮೋಡಣ್ಣ. ಹೆಂಡತಿಗೆ ‘ಅಣ್ಣ’ ಸೇರಿಸಿ ಕರೆಯಲು ಬರುವುದಿಲ್ಲವಲ್ಲ, ಅವಳು ಬರೀ ‘ರೀ’ ಎನ್ನುತ್ತಿದ್ದಳು.

ಹವಾಮಾನ ಕಚೇರಿಯಲ್ಲಿ ಅವನ ಕೆಲಸ ಆಕಾಶ ನೋಡುವುದು. ಇದನ್ನು ಕೇಳಿ ನಗುವವರು ಬೇಕಾದಷ್ಟು ಜನ ಇದ್ದರು, ಆದರೆ ಕೆಲಸ ಅವರಂದುಕೊಂಡಷ್ಟು ಸಸಾರವಲ್ಲ. ದಿನಕ್ಕೆ ಮೂರು ಸಲ ಸುತ್ತುಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಬೇಕು. ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಬೇಕು. ಎಷ್ಟು ಪಾಲಿಗೆ ಮೋಡ ಕವಿದಿದೆಯೋ ಅಷ್ಟು ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಒಂದೂ ಮೋಡವಿಲ್ಲದಿದ್ದರೆ ಸೊನ್ನೆ, ಪೂರಾ ಕವಿದಿದ್ದರೆ ಎಂಟು. ಮಂಜೋ ದೂಳೋ ಕವಿದು ಆಕಾಶವೇ ಕಾಣದಿದ್ದರೆ ಒಂಬತ್ತು. ಒಂಬತ್ತು ಎಂದರೆ ಪಾಲಲ್ಲ. ‘ಇಲ್ಲಿ ಏನಿದೆಯೋ ನನಗೆ ತಿಳಿಯುತ್ತಿಲ್ಲ’ ಎಂದು ನೋಡುವವನು ಮಾಡಿಕೊಳ್ಳುವ ಒಪ್ಪಿಗೆ. ಅವನಿಗೆ ಕೆಲಸ ಕಲಿಸಿದ ಹಿರಿಯರು ಎರಡು ಮಾತು ಹೇಳಿ ನಿವೃತ್ತರಾಗಿದ್ದರು. ಪುಸ್ತಕದಲ್ಲಿ ಅಂಕಿ ಬರೆಯುವ ಯಾವ ಮನೆಯನ್ನೂ ಖಾಲಿ ಬಿಡಬೇಡ. ಇನ್ನೊಬ್ಬರು ಹೇಳಿದ್ದನ್ನು ಬರೆಯಬೇಡ, ನಿನ್ನ ಕಣ್ಣಿಂದ ನೋಡಿದ್ದನ್ನೇ ಬರೆ.

ಮೋಡಣ್ಣ ಈ ಎರಡನ್ನೂ ಇಪ್ಪತ್ತೆಂಟು ವರ್ಷ ಕಣ್ಣಿಗೊತ್ತಿಕೊಂಡು ಪಾಲಿಸಿದ. ಒಮ್ಮೆ ದೊಡ್ಡ ಅಧಿಕಾರಿಯೇ ಕೆಳಗಿನಿಂದ ಫೋನ್ ಮಾಡಿ, ಆಕಾಶ ಶುಭ್ರವಾಗಿದೆ, ಸೊನ್ನೆ ಬರೆದುಬಿಡಿ ಎಂದಾಗ, ಕಾಲು ಉಳುಕಿದ್ದರೂ ಕುಂಟುತ್ತ ಮೇಲೆ ಹತ್ತಿ, ಮೂಲೆಯಲ್ಲಿ ಅಂಗೈಯಗಲದ ಮೋಡವೊಂದನ್ನು ಹುಡುಕಿ, ಒಂದು ಎಂದು ಬರೆದು ಬಂದಿದ್ದ. ಈ ಚಾಳಿ ಮನೆಗೂ ಬಂದಿತ್ತು. ಅಡುಗೆ ಹೇಗಿದೆ ಎಂದು ಹೆಂಡತಿ ಕೇಳಿದರೆ ಎಂಟರಲ್ಲಿ ಆರು ಎನ್ನುತ್ತಿದ್ದ. ಬಾಮೈದ ಹೊಸ ಅಂಗಡಿ ತೆರೆದು, ಹೇಗೆ ನಡೆದೀತು ಭಾವ ಎಂದಾಗ, ಏನೂ ತೋಚದೆ ಒಂಬತ್ತು ಎಂದ. ಬಾಮೈದ ಅದನ್ನು ಎಂಟಕ್ಕಿಂತ ಮೇಲೆಂದು ತಿಳಿದು ಬೀದಿಗೆಲ್ಲ ಸಿಹಿ ಹಂಚಿದ. ಅಂಗಡಿ ನಾಲ್ಕು ತಿಂಗಳು ನಡೆಯಿತು.

ಹೀಗಿರುವಾಗ ಆಕಾಶ ನೋಡುವ ಯಂತ್ರವೊಂದು ಬರುತ್ತದೆ ಎಂಬ ಸುದ್ದಿ ಬಂತು. ಯಂತ್ರದ ಮೇಲ್ವಿಚಾರಣೆಗೆ ಮಾಳಿಗೆಯಲ್ಲಿ ಒಬ್ಬನಿಗೆ ಮಾತ್ರ ಜಾಗ. ಅವನು ಪರದೇಶದ ವಿಶ್ವವಿದ್ಯಾಲಯದಲ್ಲಿ ಒಂಬತ್ತು ತಿಂಗಳು ಓದಿ, ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟು ತರಬೇಕು. ತರದವರಿಗೆ ನೆಲಮಾಳಿಗೆಯ ಕಡತದ ಕೋಣೆ. ಆ ಕೋಣೆಗೆ ಕಿಟಕಿಯಿಲ್ಲ. ಮೋಡಣ್ಣ ಒಮ್ಮೆ ಅಲ್ಲಿ ಇಳಿದು, ತಲೆಯೆತ್ತಿ ನೋಡಿ, ಸುಣ್ಣ ಬಳಿದ ಚಾವಣಿ ಕಂಡು ಬೆವತು ಮೇಲೆ ಬಂದಿದ್ದ. ಐವತ್ತೊಂದರ ವಯಸ್ಸಿನಲ್ಲಿ ಅವನು ಅರ್ಜಿ ಹಾಕಿದ್ದು ಆ ಚಾವಣಿಯ ಭಯಕ್ಕೆ.

ಹೊರಡುವ ದಿನ ಬೀದಿಯೆಲ್ಲ ಬಾಗಿಲಿಗೆ ಬಂತು. ಭಾವ ಅಲ್ಲಿ ಓದಲು ಹೋಗುತ್ತಿಲ್ಲ, ಅವರಿಗೇ ಕಲಿಸಲು ಹೋಗುತ್ತಿದ್ದಾರೆ ಎಂದು ಬಾಮೈದ ಆಗಲೇ ಸಾರಿಬಿಟ್ಟಿದ್ದ. ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ಅದನ್ನು ನಂಬಿ ಕೈಕುಲುಕಿದರು. ಬಾಮೈದ ಪರದೇಶ ಕಂಡವನಲ್ಲ. ಆದರೆ ಅದನ್ನು ಕುರಿತು ಉಪದೇಶ ಮಾಡಲು ಅದೇನೂ ಅಡ್ಡಿಯಾಗಲಿಲ್ಲ. ಭಾವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ.

“ಭಾವ, ಅಲ್ಲಿ ಯಾರು ಏನು ಮಾಡಿದ್ರೂ ಯಾಕೆ ಅಂತ ಮಾತ್ರ ಕೇಳ್ಬೇಡಿ. ಕೇಳಿದ್ರೆ ಏನೂ ಗೊತ್ತಿಲ್ಲದೋನು ಅನ್ಕೋತಾರೆ. ಎಲ್ಲಾ ಗೊತ್ತಿರೋರ ಥರ ತಲೆ ಆಡಿಸಿ.”

ಮೋಡಣ್ಣ ತಲೆ ಆಡಿಸಿದ.

ವಿಮಾನದಲ್ಲಿ ಮೊದಲ ಬಾರಿಗೆ ಮೋಡಗಳನ್ನು ಮೇಲಿನಿಂದ ನೋಡಿದ. ಇಷ್ಟು ವರ್ಷ ಬರೀ ಅವುಗಳ ಅಡಿ ನೋಡಿಕೊಂಡು ಬಂದವನಿಗೆ, ನೆತ್ತಿ ನೋಡಿದಾಗ ಸಲಿಗೆ ತೆಗೆದುಕೊಂಡೆನೇನೋ ಎಂದು ನಾಚಿಕೆಯಾಯಿತು. ಕಿಟಕಿಯಿಂದ ಕಣ್ಣು ಕೀಳದೆ, ಅರೆನಿದ್ದೆಯಲ್ಲೇ ಇನ್ನೊಂದು ದೇಶದಲ್ಲಿಳಿದ.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆಂದೇ ಒಂದು ಕೌಂಟರ್ ಇತ್ತು. ಅದರ ಹಿಂದೆ, ಕನ್ನಡಕಕ್ಕೆ ಸರಪಣಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ ದುಂಡುಮುಖದ ಹೆಂಗಸೊಬ್ಬಳು. ಬಂದವರ ಕಷ್ಟಕ್ಕೆಲ್ಲ ಮರುಗುವ ಕರುಳು. ಮೋಡಣ್ಣ ಮನಸ್ಸಿನಲ್ಲೇ ಅವಳನ್ನು ಕನ್ನಡಕದಮ್ಮ ಎಂದು ಕರೆದ. ಅವಳು ಅರ್ಜಿಯೊಂದನ್ನು ಮುಂದಿಟ್ಟಳು. ನೀವು ಯಾರು ಎಂದು ಕೇಳಲು ಆ ಅರ್ಜಿಗೆ ಇಪ್ಪತ್ಮೂರು ಮನೆಗಳು ಬೇಕಾಗಿದ್ದವು. ಹುಟ್ಟಿದ್ದು ಎಲ್ಲಿ, ಬೆಳೆದದ್ದು ಎಲ್ಲಿ, ಮನೆಯಲ್ಲಿ ಯಾವ ಮಾತು, ಮನಸ್ಸಿನಲ್ಲಿ ಯಾವ ಮಾತು, ಯಾರಿಗೆ ಪ್ರಾರ್ಥನೆ, ಮದುವೆ ಆಗಿದೆಯೇ, ಆಗಿದ್ದರೆ ಸುಖವೇ ಎಂಬಷ್ಟರವರೆಗೆ. ಮೋಡಣ್ಣ ಬೆವರೊರೆಸಿಕೊಂಡು ಒಂದೊಂದೇ ತುಂಬಿದ. ಕೊನೆಯಲ್ಲಿ ಒಂದು ಪುಟ್ಟ ಚೌಕ ಉಳಿಯಿತು. ಅದರ ಪಕ್ಕದಲ್ಲಿ ‘ಸಂಖ್ಯೆ’ ಎಂದಷ್ಟೇ ಇತ್ತು.

ಯಾವ ಸಂಖ್ಯೆ ಎಂದು ಕೇಳಬಹುದಿತ್ತು, ಆದರೆ ಬಾಮೈದನ ಮಾತು ನೆನಪಾಯಿತು. ಖಾಲಿ ಬಿಡೋಣವೆಂದರೆ ಹಿರಿಯರ ಮಾತು. ಏನೆಂದು ತಿಳಿಯದ್ದಕ್ಕೆ ತನ್ನ ಕಸುಬಿನಲ್ಲಿ ಏನು ಬರೆಯುತ್ತಾರೋ ಅದನ್ನೇ, ದುಂಡಗೆ, ಒಂಬತ್ತು ಎಂದು ಬರೆದ. ಹಾಳೆಯ ಹಿಂಬದಿಯಲ್ಲಿ ಆ ಸಂಖ್ಯೆಗಳ ಪಟ್ಟಿ ಇತ್ತು. ಸದಾ ಮೇಲೆ ನೋಡುವ ಮನುಷ್ಯ, ತಿರುಗಿಸಿ ನೋಡಲಿಲ್ಲ.

ಕನ್ನಡಕದಮ್ಮ ಆ ಅಂಕಿ ನೋಡಿದಳು. ಅವನ ಮುಖ ನೋಡಿದಳು. ಆ ಹೊತ್ತಿಗೆ ಮೋಡಣ್ಣ ಕೌಂಟರಿನ ಮೇಲಿನ ಕಿಟಕಿಯಲ್ಲಿ ತೇಲುತ್ತಿದ್ದ ಹತ್ತಿಯಂಥ ಮೋಡವೊಂದರಲ್ಲಿ ಮುಳುಗಿಹೋಗಿದ್ದ. ಕಣ್ಣು ಎಲ್ಲೋ ದೂರದಲ್ಲಿ, ತುಟಿಯ ಮೇಲೆ ನಗೆ. ಅವಳ ಕಣ್ಣು ತುಂಬಿ ಬಂತು. ಕೌಂಟರ್ ಸುತ್ತಿಕೊಂಡು ಈಚೆ ಬಂದು ಅವನ ಕೈ ಹಿಡಿದು, ಮೆಟ್ಟಿಲಿಗೊಮ್ಮೆ ‘ಮೆಟ್ಟಿಲು’ ಎಂದು ಹೇಳುತ್ತ, ಕೋಣೆಯವರೆಗೆ ಕರೆದೊಯ್ದಳು. ಮೋಡಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಮ್ಮ ಕಚೇರಿಯಲ್ಲಿ ಬಂದವರಿಗೆ ಕುರ್ಚಿ ತೋರಿಸುವವರೂ ಇಲ್ಲ. ಇಲ್ಲಿ ಅಧಿಕಾರಿಯೇ ಕೈ ಹಿಡಿಯುತ್ತಾಳೆ. ವಯಸ್ಸಿಗೆ ಈ ದೇಶದಲ್ಲಿ ಇಷ್ಟು ಮರ್ಯಾದೆಯೇ ಎಂದು ಬೆರಗಾದ.

ಅದಾದ ಮೇಲೆ ಮರ್ಯಾದೆ ಮೇಲಿಂದ ಮೇಲೆ ಬಂತು. ಹಾಸ್ಟೆಲಿನ ವಾರ್ಡನ್ ಬಾಗಿಲು ತಟ್ಟಿ, ನಾನು ವಾರ್ಡನ್, ನಿಮ್ಮ ಎಡಗಡೆ ನಿಂತಿದ್ದೇನೆ ಎಂದು ಗಟ್ಟಿಯಾಗಿ ಹೇಳಿದ. ತಲೆಯಾಡಿಸುತ್ತಲೇ ಮೋಡಣ್ಣ ಯೋಚಿಸಿದ: ಇದು ಇಲ್ಲಿಯವರ ರೀತಿ ಇರಬೇಕು, ಎದುರಿಗಿದ್ದರೂ ತಾವು ಯಾರು, ಎಲ್ಲಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ. ತಿರುಗಿ ಹೇಳದಿದ್ದರೆ ಅಗೌರವ. ಅವನೂ ಎದೆ ಸೆಟೆಸಿ, ನಾನು ಮೂರನೇ ಕೋಣೆಯ ವಿದ್ಯಾರ್ಥಿ, ಮಂಚದ ಮೇಲೆ ಕುಳಿತಿದ್ದೇನೆ ಎಂದ. ವಾರ್ಡನ್ ಕರಗಿ ನೀರಾದ. ಅಂದಿನಿಂದ ಇಬ್ಬರೂ ಹಜಾರದಲ್ಲಿ ಎದುರಾದಾಗಲೆಲ್ಲ ಹೀಗೆ ಒಬ್ಬರಿಗೊಬ್ಬರು ವರದಿ ಒಪ್ಪಿಸಿ ಮುಂದೆ ಹೋಗುತ್ತಿದ್ದರು.

ಕೋಣೆಗೆ ಬಿಳಿಯ ಕೋಲೊಂದು ಬಂತು. ಕಂಡವರು ಕಂಡಕೂಡಲೇ ಏನೆಂದು ಹೇಳಬಹುದಾದ ವಸ್ತು. ಮೋಡಣ್ಣ ಇಪ್ಪತ್ತೆಂಟು ವರ್ಷ ಬೀದಿಯಲ್ಲಿ ತಲೆಯೆತ್ತಿಕೊಂಡೇ ನಡೆದವನು, ಜನರ ಕೈಯಲ್ಲಿ ಏನಿದೆ ಎಂದು ಎಂದೂ ನೋಡಿದವನಲ್ಲ. ಕೋಲನ್ನು ಎರಡು ಮೊಳೆಗಳ ನಡುವೆ ಸಿಕ್ಕಿಸಿ ಒದ್ದೆ ಕಾಲುಚೀಲ ಒಣಗಹಾಕಿದ. ಗ್ರಂಥಾಲಯದಲ್ಲಿ ದಪ್ಪ ಪುಸ್ತಕವೊಂದನ್ನು ಎರಡು ಕೈಯಲ್ಲಿ ತಂದುಕೊಟ್ಟರು. ತೆರೆದರೆ ಅಕ್ಷರವೇ ಇಲ್ಲ, ಪುಟದ ತುಂಬ ಉಬ್ಬಿದ ಚುಕ್ಕೆ. ಅಚ್ಚಿನ ಮಸಿ ಮುಗಿದುಹೋಗಿರಬೇಕು, ಪಾಪ, ಎಂದುಕೊಂಡ. ಹೇಳಿದರೆ ಅವರಿಗೆ ಅವಮಾನವಾದೀತೆಂದು, ಒಂದು ಗಂಟೆ ಗಂಭೀರವಾಗಿ ಪುಟ ತಿರುವಿದ. ಗ್ರಂಥಪಾಲಕ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತಿದ್ದ.

ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಹಸಿರು ಶಾಲಿನ ಹುಡುಗಿ. ಅವಳೂ ಅದೇ ತರಗತಿಯ ವಿದ್ಯಾರ್ಥಿನಿ, ಅವಳೂ ಹೊರದೇಶದವಳು, ಮೋಡಣ್ಣನ ದೇಶದವಳಲ್ಲ. ಇಪ್ಪತ್ತೆರಡರ ಪ್ರಾಯ, ಮಾತು ಕಡಿಮೆ. ಅವನನ್ನು ಕೋಣೆಯಿಂದ ತರಗತಿಗೆ, ತರಗತಿಯಿಂದ ಕೋಣೆಗೆ ಕೈ ಹಿಡಿದು ಕರೆದೊಯ್ಯಲು ಕಚೇರಿಯವರೇ ನೇಮಿಸಿದ್ದರು. ಪಾಠವನ್ನೂ ಅವಳೇ ಓದಿ ಹೇಳುತ್ತಿದ್ದಳು. ನಮ್ಮ ಕಡೆ ನಿನ್ನ ವಯಸ್ಸಿನವರು ನನ್ನ ವಯಸ್ಸಿನವರನ್ನು ಚಿಕ್ಕಪ್ಪ ಎನ್ನುತ್ತಾರೆ ಎಂದು ಮೋಡಣ್ಣ ಹೇಳಿದ ಮೇಲೆ, ಆ ಒಂದು ಪದವನ್ನು ಕಲಿತು, ಒತ್ತಕ್ಷರಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಒತ್ತುಕೊಟ್ಟು ಕರೆಯುತ್ತಿದ್ದಳು.

ಅವರು ನಡೆಯುವ ದಾರಿಯಲ್ಲಿ ಒಂದು ಬೆಂಚು. ಅಲ್ಲಿ ಕುಳಿತಾಗ ಅವಳು ಆಕಾಶವನ್ನು ವರ್ಣಿಸುತ್ತಿದ್ದಳು. ಇದು ಮೋಡಣ್ಣನಿಗೆ ಕನಸಿನಂತೆ ಅನ್ನಿಸುತ್ತಿತ್ತು. ಹುಟ್ಟಿದಾರಭ್ಯ ಬೇರೆಯವರಿಗೆ ಆಕಾಶ ಹೇಳಿದವನೇ ಹೊರತು, ಅವನಿಗೆ ಕೂತು ಆಕಾಶ ಹೇಳಿದವರು ಒಬ್ಬರೂ ಇರಲಿಲ್ಲ. ಕಣ್ಣು ಅರೆಮುಚ್ಚಿ, ಆ ದನಿ ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಹೋಗುತ್ತಿದ್ದ. ಮೋಡಗಳು ಅವಳ ಬಾಯಲ್ಲಿ ಹಾಲಿನ ಕೆನೆಯಾಗಿ, ಉಪ್ಪರಿಗೆಯಾಗಿ, ಮಲಗಿದ ಅಜ್ಜಿಯಾಗಿ ತೇಲುತ್ತಿದ್ದವು. ಒಂದೇ ತೊಂದರೆಯೆಂದರೆ ಹುಡುಗಿಗೆ ಮೋಡದ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ಚದುರಿದ ಮೋಡಕ್ಕೆ ಹಾಸುಮೋಡ ಎನ್ನುವಳು, ಮೂರು ಪಾಲಿಗೆ ಐದು ಎನ್ನುವಳು. ಅವನು ತಡೆಯಲಾರದೆ, ಅಲ್ಲ ಮಗು, ಆ ಅಂಚು ನೋಡು, ಹರಿದ ಬಟ್ಟೆಯ ಹಾಗಿದೆ ಎಂದು ತಿದ್ದುತ್ತಿದ್ದ. ಪಾಪ, ದಡ್ಡಿ, ಆದರೆ ಒಳ್ಳೆಯ ಹುಡುಗಿ ಎಂದುಕೊಳ್ಳುತ್ತಿದ್ದ.

ಈ ಸಂಗತಿಯನ್ನೆಲ್ಲ ಭಾನುವಾರದ ಫೋನಿನಲ್ಲಿ ಊರಿಗೆ ತಿಳಿಸಿದ. ಅತ್ತ ಬಾಮೈದ ಬೀದಿಯವರಿಗೆಲ್ಲ ಕೇಳಿಸಲಿ ಎಂದು ಫೋನಿನ ಸದ್ದು ದೊಡ್ಡದು ಮಾಡಿ ನಡುಮನೆಯಲ್ಲಿಟ್ಟಿದ್ದ. ದಿನಾ ಒಂದು ಹುಡುಗಿ ನನ್ನ ಕೈ ಹಿಡಿದು ಓಡಾಡಿಸುತ್ತಾಳೆ ಎಂದು ಮೋಡಣ್ಣ ಹೇಳಿದ್ದೇ ತಡ, ಅಲ್ಲಿ ಕೂತಿದ್ದ ಬೀದಿಯ ದರ್ಜಿಯ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳಂತೆ. ಹೆಡ್‌ಮೇಷ್ಟ್ರು ಕೆಮ್ಮಿ, ಪರದೇಶದಲ್ಲಿ ಗುರುಗಳಿಗೆ ಹಾಗೆಲ್ಲ ಉಂಟು ಎಂದು ಸಮಾಧಾನ ಹೇಳಿದರಂತೆ. ಕೊನೆಗೆ ಹೆಂಡತಿಯ ದನಿ ಬಂತು.

“ನನ್ನ ಕೈ ಹಿಡಿದು ಒಂದ್ಸಲ ಪೇಟೆಗೆ ಕರ್ಕೊಂಡು ಹೋಗಿದ್ದೀರೇನ್ರೀ?”

ಮೋಡಣ್ಣ ನೆನಪು ಮಾಡಿಕೊಳ್ಳಲು ನೋಡಿದ. ಎಂಟರಲ್ಲಿ ಸೊನ್ನೆ. ಅದನ್ನು ಬಾಯಿಬಿಟ್ಟು ಹೇಳದಷ್ಟು ಬುದ್ಧಿ ಆ ಹೊತ್ತಿಗೆ ಅದು ಹೇಗೋ ಬಂತು.

ಎಂಟು ತಿಂಗಳು ಹೀಗೆ ತೇಲಿಹೋದವು. ಬರಹದ ಪರೀಕ್ಷೆಗಳಲ್ಲಿ ಹುಡುಗಿ ಪ್ರಶ್ನೆ ಓದಿದಳು, ಮೋಡಣ್ಣ ಉತ್ತರ ಹೇಳಿದ, ಅವಳು ಬರೆದಳು. ಎಲ್ಲದರಲ್ಲೂ ಪಾಸಾದ. ಕೊನೆಗೆ ಉಳಿದದ್ದು ಮಾಳಿಗೆಯ ಪರೀಕ್ಷೆ. ಬೆಳಗ್ಗೆ ಮಾಳಿಗೆಯ ಮೇಲೆ ನಿಂತು ಆಕಾಶ ನೋಡಿ ಬರೆಯುವುದು. ಇದಕ್ಕಾಗಿ ಅವನು ಮದುಮಗನಂತೆ ಕಾಯುತ್ತಿದ್ದ. ಮೂರು ದಿನವಿದೆ ಎನ್ನುವಾಗ ಗಡ್ಡದ ಪ್ರೊಫೆಸರ್ ಅವನನ್ನು ಕೋಣೆಗೆ ಕರೆದು ಮೆತ್ತಗೆ ಹೇಳಿದರು: ನಿಮಗೆ ಮಾಳಿಗೆಯ ಪರೀಕ್ಷೆ ಬೇಡ. ಬರಹದ್ದು ಪಾಸಾಗಿದೆ, ಸರ್ಟಿಫಿಕೇಟಿನಲ್ಲಿ ‘ವೀಕ್ಷಣೆ ಬಿಟ್ಟು’ ಎಂದು ಬರೆದು ಕೊಡುತ್ತೇವೆ.

ವೀಕ್ಷಣೆ ಬಿಟ್ಟ ಸರ್ಟಿಫಿಕೇಟೆಂದರೆ ಕಿಟಕಿಯಿಲ್ಲದ ಕೋಣೆ. ಮೋಡಣ್ಣ ಎಂಟು ತಿಂಗಳಲ್ಲಿ ಮೊದಲ ಸಲ ಬಾಮೈದನ ಉಪದೇಶ ಮೀರಿದ.

“ಯಾಕೆ?”

ಪ್ರೊಫೆಸರ್ ಸಂಕೋಚದಿಂದ ಅವನ ಕಡತ ತೆರೆದರು. ಇಪ್ಪತ್ಮೂರು ಮನೆಗಳ ಅರ್ಜಿ. ಕೊನೆಯ ಚೌಕದಲ್ಲಿ ದುಂಡಗಿನ ಒಂಬತ್ತು. ಹಾಳೆ ತಿರುಗಿಸಿದರು. ಹಿಂಬದಿಯಲ್ಲಿ ವಿದ್ಯಾರ್ಥಿಗಳಿಗೆ ಬೇಕಾಗುವ ಸಹಾಯಗಳ ಪಟ್ಟಿ. ಏಳು ಎಂದರೆ ಕಿವಿ ಕೇಳದವರು, ಎಂಟು ಎಂದರೆ ಗಾಲಿಕುರ್ಚಿಯವರು, ಒಂಬತ್ತು ಎಂದರೆ ಕಣ್ಣು ಕಾಣದವರು. ಪ್ರೊಫೆಸರ್ ಅದನ್ನು ಮೆಲ್ಲಗೆ ಓದಿ ಹೇಳಿದರು. ಮೋಡಣ್ಣ ಅದಾಗಲೇ ಅವರಿಗಿಂತ ಎರಡು ಸಾಲು ಮುಂದೆ ಓದಿ ಮುಗಿಸಿದ್ದ. ಕಾಲುಚೀಲ ಒಣಗುತ್ತಿದ್ದ ಕೋಲು, ಮಸಿಯಿಲ್ಲದ ಪುಸ್ತಕ, ಎಡಗಡೆ ನಿಂತ ವಾರ್ಡನ್, ಎಲ್ಲವೂ ಸಾಲಾಗಿ ಬಂದು ಎದುರು ನಿಂತವು. ಕಕ್ಕಾಬಿಕ್ಕಿಯಾಗಿ, ವಂದನೆ ಹೇಳಿ, ಬಾಗಿಲು ಎಲ್ಲಿದೆ ಎಂದು ತಿಳಿಯದೆ ಗೋಡೆಗೆ ಡಿಕ್ಕಿ ಹೊಡೆದ. ಪ್ರೊಫೆಸರಿಗೆ ಉಳಿದಿದ್ದ ಅಷ್ಟಿಷ್ಟು ಅನುಮಾನವೂ ಹೋಯಿತು.

ನೆಟ್ಟಗೆ ಕನ್ನಡಕದಮ್ಮನಲ್ಲಿಗೆ ಹೋಗಿ ನಿಜ ಹೇಳಿಬಿಡುವುದೆಂದು ಹೊರಟ. ಹೊರಗೆ ಹುಡುಗಿ ಕಾದಿದ್ದಳು, ಎಂದಿನಂತೆ ಕೈ ಹಿಡಿದಳು. ಬೆಂಚಿನ ಹತ್ತಿರ ಬಂದಾಗ ಒಂದು ನಿಮಿಷ ಕೂರೋಣ ಎಂದಳು. ಅವತ್ತು ಆಕಾಶ ವರ್ಣಿಸಲಿಲ್ಲ. ಕೋರ್ಸು ಮುಗಿಯುತ್ತಿದೆ, ಒಂದು ಮಾತು ಹೇಳಬೇಕು ಎಂದಳು. ಅವಳ ದೇಶದಲ್ಲಿ ಯುದ್ಧವಾಗಿತ್ತು. ಎರಡು ವರ್ಷದ ಮಗುವಾಗಿದ್ದಾಗಲೇ ಅವಳು ಆ ದೇಶ ಬಿಟ್ಟಿದ್ದಳು, ಅಲ್ಲಿಯದೊಂದೂ ನೆನಪಿಲ್ಲ. ಆದರೆ ಇಲ್ಲಿ ಅವಳ ಮುಖ ಕಂಡವರೆಲ್ಲ, ಕಾಫಿ ಕೊಡುವವನಿಂದ ಪ್ರೊಫೆಸರವರೆಗೆ, ತಲೆ ಓರೆ ಮಾಡಿ ಕೇಳುವುದು ಅದೊಂದನ್ನೇ.

“ಮೋಡದ ವಿಷಯ ಓದೋಕೆ ಬಂದೆ, ಚಿಕ್ಕಪ್ಪ. ಮೋಡದ ವಿಷಯ ನನ್ನನ್ನ ಒಬ್ರೂ ಕೇಳಲ್ಲ. ಎಲ್ರಿಗೂ ಯುದ್ಧ ಬೇಕು. ನೀವೊಬ್ರೇ ಅದನ್ನ ಕೇಳದೇ ಇರೋರು. ಇದು ಹೀಗೇ ಇದ್ದುಬಿಡಲಿ ಅನ್ಸುತ್ತೆ ನಂಗೆ.”

ಮೋಡಣ್ಣ ತಲೆ ತಗ್ಗಿಸಿದ. ಮುಖ ಕಾಣದವನೆಂದು ನಂಬಿ ಈ ಮಗು ನೆಮ್ಮದಿಯಾಗಿದ್ದಾಳೆ. ಕಾಣುತ್ತದೆ ಎಂದರೆ ಎಂಟು ತಿಂಗಳು ಮೋಸ ಮಾಡಿದ ಹಾಗೆ. ಹೇಳದಿದ್ದರೆ ಸುಣ್ಣದ ಚಾವಣಿ. ಕಚೇರಿಯ ಬಾಗಿಲವರೆಗೆ ಹೋಗಿ, ಬಾಗಿಲ ಹಿಡಿ ಮುಟ್ಟಿ, ನಾಳೆ ಬರೋಣ ಮಗು ಎಂದು ಹಿಂದಿರುಗಿದ. ಜೀವಮಾನದಲ್ಲಿ ಅಷ್ಟು ಸಂಕಟ ಅವನು ಪಟ್ಟಿರಲಿಲ್ಲ.

ಹೆಂಡತಿಗೆ ಫೋನ್ ಮಾಡಿ, ಸದ್ದು ಚಿಕ್ಕದು ಮಾಡಲು ಹೇಳಿ, ಎಲ್ಲ ತೋಡಿಕೊಂಡ. ಅವಳು ಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆ ಅರ್ಜಿ ಪೂರ್ತಿ ಸುಳ್ಳೇನೂ ಅಲ್ಲ, ಅಡುಗೆಮನೆಯ ಸೂರು ಮೂರು ವರ್ಷದಿಂದ ಸೋರುತ್ತಿದೆ, ಆಕಾಶ ಬಿಟ್ಟು ಅದರಿಂದ ಕೆಳಗಿನದು ನಿಮಗೆ ಕಂಡದ್ದು ಯಾವಾಗ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಕಚೇರಿಗೆ ಆಮೇಲೆ ಹೇಳೋರಂತೆ. ಮೊದಲು ಆ ಹುಡುಗಿಗೆ ಹೇಳ್ರೀ. ಕೈ ಹಿಡಿದವರಿಗೆ ಸುಳ್ಳು ಹೇಳ್ಬಾರ್ದು.”

ಹೇಳಬೇಕೆಂದೇ ಎರಡು ದಿನ ಬಾಯಿ ತೆರೆದ, ಎರಡು ದಿನವೂ ಬಾಯಿಗೆ ಬೀಗ ಬಿತ್ತು. ಮೂರನೆಯ ದಿನ ಬೆಳಗ್ಗೆ ಪರೀಕ್ಷೆ.

ಅಂದು ಎದ್ದು ಕಿಟಕಿ ತೆರೆದರೆ ಲೋಕವೇ ಇರಲಿಲ್ಲ. ಮಂಜು ಕಿಟಕಿಯ ಚೌಕಟ್ಟಿಗೆ ಆನಿಕೊಂಡು ಒಳಗೆ ಇಣುಕುತ್ತಿತ್ತು. ಮೋಡಣ್ಣ ಕೋಟು ತೊಟ್ಟು, ಹುಡುಗಿಗೂ ಹೇಳದೆ ಒಬ್ಬನೇ ಹೊರಟ. ದಾರಿಯಲ್ಲಿ ವಾರ್ಡನ್ ಎದುರಾಗಿ, ಮಂಜಿನಲ್ಲಿ ತಾನೇ ಎಲ್ಲಿದ್ದೇನೆಂದು ತಿಳಿಯದೆ, ನಾನು ವಾರ್ಡನ್ ಎಂದಷ್ಟೇ ಹೇಳಿ ನಿಂತ. ನೀವು ಹೂಕುಂಡದ ಬಲಗಡೆ ಇದ್ದೀರಿ ಎಂದು ಮೋಡಣ್ಣ ಹೇಳಿ ಮುಂದೆ ನಡೆದ. ವಾರ್ಡನ್ ತಡಕಿ ನೋಡಿದರೆ ಹೂಕುಂಡ ಅಲ್ಲೇ ಇತ್ತು.

ಮಾಳಿಗೆಯ ಮೇಲೆ ಹದಿನೈದು ವಿದ್ಯಾರ್ಥಿಗಳು, ಹಸಿರು ಶಾಲಿನ ಹುಡುಗಿ, ಪ್ರೊಫೆಸರ್, ಹಾಜರಿ ಹಿಡಿದ ಕನ್ನಡಕದಮ್ಮ, ಎಲ್ಲರೂ ಒಬ್ಬರಿಗೊಬ್ಬರು ನೆರಳಿನಂತಿದ್ದರು. ನಾನೂ ಪರೀಕ್ಷೆಗೆ ಕೂರುತ್ತೇನೆ ಎಂದು ಮೋಡಣ್ಣ ಹೇಳಿದಾಗ ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಕನ್ನಡಕದಮ್ಮ ಅವನ ಕೈಗೆ ಹಾಳೆ ಕೊಟ್ಟು, ಪೆನ್ಸಿಲನ್ನು ಬೆರಳುಗಳ ನಡುವೆ ತಾನೇ ಇಟ್ಟಳು. ಹದಿನೈದು ನಿಮಿಷ ಎಲ್ಲರೂ ಮೇಲೆ ನೋಡಿದರು. ನೋಡಲು ಏನೂ ಇರಲಿಲ್ಲ. ಆ ಬಿಳುಪಿನಲ್ಲಿ ನಿಂತಾಗ ಮೋಡಣ್ಣನಿಗೆ ತಾನು ಯಾವ ದೇಶದಲ್ಲಿದ್ದೇನೆ, ವಯಸ್ಸೆಷ್ಟು, ಯಾರ ಭಾವ ಎಂಬುದೆಲ್ಲ ಕರಗಿಹೋದಂತೆ, ತಾನು ಬರೀ ಒಂದು ಜೊತೆ ಕಣ್ಣಾದಂತೆ ಅನ್ನಿಸಿತು. ತುಂಬ ಹಾಯಾಗಿತ್ತು. ಹಾಳೆಯ ಮೇಲೆ ಒಂದು ಅಂಕಿ ಬರೆದು ಕೊಟ್ಟ.

ಕನ್ನಡಕದಮ್ಮ ಹಾಳೆಗಳನ್ನು ಒಟ್ಟುಮಾಡುತ್ತ ಅವನದನ್ನು ನೋಡಿ ಬಿಕ್ಕಿದಳು. ಮತ್ತೆ ಒಂಬತ್ತು. ಪಾಪ, ಪರೀಕ್ಷೆಯಲ್ಲೂ ತನ್ನ ಕಷ್ಟವನ್ನೇ ಬರೆದುಕೊಂಡಿದ್ದಾರೆ ಎಂದು ಪ್ರೊಫೆಸರ ಕಿವಿಯಲ್ಲಿ ಹೇಳಿದಳು. ಪ್ರೊಫೆಸರ್ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎಂಟು, ಎಂಟು, ಎಂಟು. ಗಡ್ಡ ಕೆರೆದುಕೊಂಡರು.

ಮಂಜೆಂದರೆ ಎಂಟಲ್ಲ, ಮೇಲೆ ಮೋಡವಿದೆಯೋ ಇಲ್ಲವೋ ಎಂದೇ ನಮಗೆ ಕಾಣದಿರುವಾಗ ಎಂಟು ಎನ್ನಲು ಯಾರಿಗೂ ಹಕ್ಕಿಲ್ಲ ಎಂದು ಅವರು ತರಗತಿಯನ್ನು ಗದರಿದರು. ಒಂಬತ್ತು ಬರೆದವರು ಇಬ್ಬರೇ, ಒಬ್ಬಳು ಹಸಿರು ಶಾಲಿನವಳು, ಇನ್ನೊಬ್ಬರು ಇವರು. ಹೇಳಿ ಮುಗಿಸಿ ಪ್ರೊಫೆಸರಿಗೇ ಗೊಂದಲವಾಯಿತು. ಈ ಒಂಬತ್ತಕ್ಕೆ ಅಂಕ ಕೊಡುವುದೋ, ಕನಿಕರ ಕೊಡುವುದೋ? ನಿಮಗೆ ಹೇಗೆ ತಿಳಿಯಿತು ಎಂದು ಮೋಡಣ್ಣನನ್ನು ಕೇಳಿದರು.

ಸುಮ್ಮನೆ ನಕ್ಕುಬಿಟ್ಟಿದ್ದರೆ ಆ ಅಂಕ ಹೇಗೂ ದಕ್ಕುತ್ತಿತ್ತು. ಆದರೆ ಕಸುಬಿನವನಿಗೆ ಕಸುಬಿನ ಪ್ರಶ್ನೆ ಕೇಳಿದರೆ ಅವನು ಉತ್ತರಿಸದೆ ಇರಲಾರ.

“ಬರುವಾಗ ಮೂರನೇ ದೀಪದ ಕಂಬ ಕಾಣ್ತಿತ್ತು, ನಾಲ್ಕನೇದು ಕಾಣ್ತಿರಲಿಲ್ಲ. ಈಗ ಎರಡನೇದೂ ಮುಳುಗಿದೆ. ಅಂದ್ರೆ ಮಂಜು ಇನ್ನೂ ದಟ್ಟ ಆಗ್ತಿದೆ. ಇವರ ಕನ್ನಡಕದ ಗಾಜಿನ ಮೇಲೂ ಹನಿ ಕೂತಿದೆ ನೋಡಿ.”

ಕನ್ನಡಕದಮ್ಮ ಕನ್ನಡಕ ತೆಗೆದು ನೋಡಿದಳು. ಹನಿ ಕೂತಿತ್ತು. ಅವಳು ಅವನನ್ನು ನೋಡಿದಳು. ಇಡೀ ಮಾಳಿಗೆ ಅವನನ್ನು ನೋಡಿತು.

ಮೋಡಣ್ಣ ಅವರಾರನ್ನೂ ನೋಡಲಿಲ್ಲ. ಹಸಿರು ಶಾಲಿನ ಹುಡುಗಿಯ ಎದುರು ಹೋಗಿ ನಿಂತ. ತಪ್ಪು ಮಾಡಿದವನಂತೆ ಕೈ ಕಟ್ಟಿಕೊಂಡಿದ್ದ.

“ಮಗು, ನಂಗೆ ಕಣ್ಣು ಕಾಣತ್ತೆ. ಮೊದಲಿಂದಲೂ ಕಾಣತ್ತೆ. ನಿನ್ನ ಶಾಲು ಹಸಿರು ಅಂತ ಗೊತ್ತು, ನಿನ್ನ ಮುಖ ಗೊತ್ತು. ನಿನ್ನ ಹತ್ರ ಮುಚ್ಚಿಡಬೇಕು ಅಂತ ಮುಚ್ಚಿಟ್ಟಿದ್ದಲ್ಲ.”

“ಗೊತ್ತು ಚಿಕ್ಕಪ್ಪ.”

“ಯಾವಾಗಿಂದ?”

“ಮೊದಲನೇ ದಿನದಿಂದ. ಚದುರಿದ ಮೋಡಕ್ಕೆ ಹಾಸುಮೋಡ ಅಂದೆ, ಅಂಚು ನೋಡು ಅಂದ್ರಿ. ಆಮೇಲೆ ದಿನಾ ಬೇಕಂತಲೇ ತಪ್ಪು ಹೇಳ್ದೆ. ನೀವು ದಿನಾ ತಿದ್ದಿದ್ರಿ.”

ಹಾಗಿದ್ದರೂ ಯಾಕೆ ಕೈ ಹಿಡಿದು ನಡೆಸಿದೆ ಎಂದು ಮೋಡಣ್ಣ ಕೇಳಿದ. ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಕೈ ಕೊಟ್ರೆ ನೀವು ಹಿಡ್ಕೊಂಡ್ರಿ. ಯಾಕೆ ಅಂತ ಕೇಳಲಿಲ್ಲ. ನನ್ನ ಮುಖ ನೋಡಿಯೂ ಏನೂ ಕೇಳಲಿಲ್ಲ. ಕಾಣದೇ ಇರೋರು ಕೇಳದಿದ್ರೆ ಏನು ದೊಡ್ಡದು, ಚಿಕ್ಕಪ್ಪ?”

ಬಾಮೈದ ಹುಟ್ಟಿದಾರಭ್ಯ ಕೊಟ್ಟ ಉಪದೇಶಗಳಲ್ಲಿ ಒಂದಾದರೂ ಹೀಗೆ ಫಲ ಕೊಡುತ್ತದೆಂದು ಮೋಡಣ್ಣ ಕನಸಿನಲ್ಲೂ ಎಣಿಸಿರಲಿಲ್ಲ.

ಕನ್ನಡಕದಮ್ಮ ಸಿಟ್ಟಾಗುತ್ತಾಳೆಂದು ಎಲ್ಲರೂ ಕಾದರು. ಎಂಟು ತಿಂಗಳಿಂದ ಈ ಮನುಷ್ಯನ ಕಥೆ ಹೇಳಿ ಹತ್ತಾರು ಮನೆಗಳಲ್ಲಿ ಕಣ್ಣೀರು ಹಾಕಿಸಿದವಳು ಅವಳು. ಅವಳು ಕನ್ನಡಕದ ಹನಿ ಒರೆಸಿಕೊಂಡು, ನಿಯಮದ ಮರೆಗೆ ಸರಿದಳು. ಒಂಬತ್ತನ್ನು ಹಾಗೆಲ್ಲ ಅಳಿಸಲು ಬರುವುದಿಲ್ಲ, ಕಾರಣ ತೋರಿಸಿ ಹೊಸ ಅರ್ಜಿ ಕೊಡಬೇಕು, ಅದು ಬಂದ ಮೇಲೆಯೇ ಸರ್ಟಿಫಿಕೇಟು ಎಂದಳು. ಮೋಡಣ್ಣ ಕೆಳಗೆ ಹೋಗಿ ಮತ್ತೆ ಇಪ್ಪತ್ಮೂರು ಮನೆಗಳನ್ನು ತುಂಬಿದ. ಕಾರಣ ಎಂಬಲ್ಲಿ ‘ಮಂಜು ಸರಿಯಿತು’ ಎಂದು ಬರೆದ. ಪುಟ್ಟ ಚೌಕ ಬಂದಾಗ ಈ ಸಲ ಹಾಳೆ ತಿರುಗಿಸಿ, ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದ. ಸೊನ್ನೆ ಎಂದರೆ ಯಾವ ಸಹಾಯವೂ ಬೇಡ, ಯಾರನ್ನೂ ನೇಮಿಸುವುದು ಬೇಡ.

ಪೆನ್ಸಿಲು ಚೌಕದ ಮೇಲೆ ನಿಂತುಬಿಟ್ಟಿತು. ಸೊನ್ನೆ ಬರೆದರೆ ನಾಳೆಯಿಂದ ಬಾಗಿಲಲ್ಲಿ ಹುಡುಗಿ ಕಾಯುವುದಿಲ್ಲ. ಶುಭ್ರ ಆಕಾಶದ ಅಂಕಿ ಅವನಿಗೆ ಅಷ್ಟು ಬಡವಾಗಿ ಎಂದೂ ಕಂಡಿರಲಿಲ್ಲ. ಆದರೂ ಕಂಡದ್ದನ್ನೇ ಬರೆಯಬೇಕಲ್ಲ, ಬರೆದ. ಕನ್ನಡಕದಮ್ಮ ಮೊಹರು ಒತ್ತಿದಳು. ಹೊರಡುವಾಗ ಬಾಗಿಲವರೆಗೆ ಬಂದು, ಅಭ್ಯಾಸಬಲದಿಂದ ‘ಮೆಟ್ಟಿಲು’ ಎಂದಳು. ಅವನು ವಂದನೆ ಹೇಳಿ, ಎಡವಿ, ಇಳಿದುಹೋದ.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಯಾರೂ ಇರಲಿಲ್ಲ. ಮೋಡಣ್ಣ ಒಬ್ಬನೇ ದಾರಿ ಹಿಡಿದು ಹೋದ. ದಾರಿ ಎಂಟು ತಿಂಗಳಲ್ಲಿ ಇಲ್ಲದಷ್ಟು ಉದ್ದವಾಗಿತ್ತು. ಬೆಂಚಿನ ಹತ್ತಿರ ಬಂದಾಗ ಹಸಿರು ಶಾಲು ಕಂಡಿತು. ಅವಳು ಸರಿದು ಜಾಗ ಕೊಟ್ಟಳು. ನಿನ್ನನ್ನು ಈಗ ಯಾರೂ ನೇಮಿಸಿಲ್ಲವಲ್ಲ ಎಂದ. ನಿಮ್ಮನ್ನೂ ನೇಮಿಸಿಲ್ಲ, ಕೂತ್ಕೊಳ್ಳಿ ಎಂದಳು.

ಕುಳಿತ. ಕೋಟಿನ ಜೇಬಿನಿಂದ ಹಳೆಯ ಪುಸ್ತಕ ತೆಗೆದ. ಪರದೇಶಕ್ಕೆ ಬಂದರೂ ದಿನಕ್ಕೆ ಮೂರು ಸಲ ಬರೆಯುವುದನ್ನು ಬಿಟ್ಟಿರಲಿಲ್ಲ. ಇವತ್ತಿನ ಬೆಳಗಿನ ಮನೆ ಖಾಲಿಯಿತ್ತು. ತಲೆಯೆತ್ತಬೇಕು ಎನ್ನುವಷ್ಟರಲ್ಲಿ ಯಾಕೋ ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡ.

“ಹೇಳು ಮಗು. ಈ ಸಲ ಸರಿಯಾಗಿ ಹೇಳು.”

ಅವಳು ಬಹಳ ಹೊತ್ತು ಮೇಲೆ ನೋಡಿದಳು. ಪಡುವಣದಲ್ಲಿ ಚದುರಿದ ಮೋಡ ಒಂದು ಗುಂಪು, ಅಂಚು ಹರಿದ ಬಟ್ಟೆಯ ಹಾಗೆ, ನಡುವೆ ಬಿಸಿಲು ಇಳಿಯುತ್ತಿದೆ, ನೆತ್ತಿಯ ಮೇಲೆ ಗರಿಯಂಥದು ಒಂದೆಳೆ, ಉಳಿದದ್ದು ಖಾಲಿ ಎಂದಳು. ಎಂಟರಲ್ಲಿ ಮೂರು.

ಇಪ್ಪತ್ತೆಂಟು ವರ್ಷದಲ್ಲಿ ಅಧಿಕಾರಿಯ ಮಾತನ್ನೂ ಕೇಳಿ ಬರೆಯದಿದ್ದ ಮೋಡಣ್ಣ, ಮುಚ್ಚಿದ ಕಣ್ಣು ತೆರೆಯದೆ, ತಡಕಿ ಆ ಮನೆಯನ್ನು ಹುಡುಕಿ, ಮೂರು ಎಂದು ಬರೆದ.